ಗಿಟಾರಿನ ಸ್ವಿಚ್ಚಿಗೆ ಎಮರಿ ಕಾಗದ ಹಚ್ಚಬೇಡಿ

ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆದ ಮೇಲೂ ಬಾದಾಮಿ ಸೀಮೆಯ ಜಾತ್ರೆ ಮುಗಿಯುವುದಿಲ್ಲ. ಚೊಳಚಗುಡ್ಡದ ಬಯಲಿನಲ್ಲಿ ತಗಡು, ತಟ್ಟಿ, ಪರದೆ ಕಟ್ಟಿಕೊಂಡು ನಿಂತ ನಾಟಕ ಕಂಪನಿಗಳು ಮುಂದೆಯೂ ವಾರಗಟ್ಟಲೆ ಆಟ ಆಡುತ್ತವೆ. ಒಂದು ಕಾಲಕ್ಕೆ ಅಲ್ಲಿನ ಸಂಗೀತವೆಂದರೆ ಕಾಲುಪೇಟಿ, ತಬಲಾ, ಕ್ಲಾರಿಯೊನೆಟ್ ಅಷ್ಟೇ. ಆಮೇಲೆ ಕೀಬೋರ್ಡು ಬಂತು, ರಿದಂ ಪ್ಯಾಡು ಬಂತು. ಜಾತ್ರೆ, ಮದುವೆ, ಗಣೇಶನ ಪೆಂಡಾಲುಗಳಲ್ಲಿ ನಡೆಯುವ ರಸಮಂಜರಿಗಳಿಗೆ ಎಲೆಕ್ಟ್ರಿಕ್ ಗಿಟಾರೂ ಬಂತು. 1981ರಲ್ಲಿ ತೆರೆಕಂಡ ಶಂಕರ್‌ನಾಗ್ ಅವರ ‘ಗೀತಾ’ ಚಿತ್ರದ ಹಾಡುಗಳನ್ನು ಕೇಳಿ ಗಿಟಾರ್ ಹಿಡಿಯುವ ಆಸೆ ಹುಟ್ಟಿಸಿಕೊಂಡವರು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಆ ಹಾಡುಗಳ ಸಂಗೀತ ನಿರ್ದೇಶಕ ಇಳಯರಾಜಾ ಸ್ವತಃ ಗಿಟಾರ್ ವಾದಕರು. ಅದಕ್ಕೂ ಮುಂಚೆ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಕನ್ನಡ ಚಿತ್ರಗಳ ಧ್ವನಿಮುದ್ರಣದಲ್ಲಿ ದುಡಿದವರು.

ಗಿಟಾರ್ ಬಂದ ಹಿಂದೆಯೇ ಅದರ ಬೇನೆಗಳೂ ಬಂದವು. ಹುನಗುಂದದಲ್ಲೋ ಇಳಕಲ್ಲಿನಲ್ಲೋ ಗಿಟಾರ್ ನುಡಿಸುವವರನ್ನು ಮಾತಿಗೆ ಎಳೆದರೆ ಮೊದಲು ಬರುವ ದೂರು ಬಹುತೇಕ ಒಂದೇ: “ಸ್ವಿಚ್ ಹಾಕಿದ್ರ ಕರಕರ ಅಂತೈತಿ, ಒಮ್ಮೊಮ್ಮೆ ಸೌಂಡೇ ಕಟ್ ಆಗ್ತೈತಿ.” ಗಿಟಾರಿನ ಮೈಮೇಲಿರುವ ಒಂದು ಪುಟ್ಟ ಸನ್ನೆ ಅದು. ತಂತಿಗಳ ಕೆಳಗೆ ಕೂತಿರುವ ಎರಡು ಅಥವಾ ಮೂರು ಪಿಕಪ್‌ಗಳಲ್ಲಿ ಯಾವುದರ ನಾದ ಆಂಪ್ಲಿಫೈಯರಿಗೆ ಹೋಗಬೇಕು ಎಂದು ಆರಿಸಿಕೊಡುವುದು ಅದರ ಕೆಲಸ. ಅದು ಕೈಕೊಟ್ಟರೆ ಇಡೀ ವಾದ್ಯ ಮೂಕವಾಗುತ್ತದೆ. ಆಗ ವಾದಕ ಗಿಟಾರನ್ನು ಎತ್ತಿಕೊಂಡು ಹೋಗುವುದು ಪಂಪ್‌ಸೆಟ್ಟು ರಿಪೇರಿಯ ಅಂಗಡಿಗೆ, ಏಕೆಂದರೆ ವಿದ್ಯುತ್ತು ಗೊತ್ತಿರುವವರೆಂದು ಊರು ಗುರುತಿಸಿರುವುದು ಅವರನ್ನೇ. ಅಲ್ಲಿ ಸ್ವಿಚ್ ಬಿಚ್ಚಿ ನೋಡಿ, “ಕಾರ್ಬನ್ ಹಿಡದೈತಿ” ಎಂದು ಎಮರಿ ಕಾಗದದಿಂದ ತಿಕ್ಕಿ ಕೊಡುತ್ತಾರೆ. ಅವತ್ತು ಸಂಜೆ ಗಿಟಾರ್ ಚೊಕ್ಕ ನುಡಿಯುತ್ತದೆ. ಕೆಲವು ತಿಂಗಳಲ್ಲಿ ಮೊದಲಿಗಿಂತ ಕೆಟ್ಟದಾಗಿ ಕರಕರ ಎನ್ನುತ್ತದೆ.

ಆ ಮೆಕ್ಯಾನಿಕ್ಕಿನ ಕೈಯಲ್ಲಿ ಐಬಿಲ್ಲ. ಅವರು ಕಲಿತ ವಿದ್ಯೆ ಬೇರೆ ಯಂತ್ರದ್ದು. ಹೊಲದ ಪಂಪಿನ ಸ್ಟಾರ್ಟರ್ ಹಾಳಾಗುವುದು ಕರೆಂಟು ಹೆಚ್ಚಾಗಿ. ಗಿಟಾರಿನ ಸ್ವಿಚ್ ಹಾಳಾಗುವುದು ಕರೆಂಟು ಸಾಲದೆ. ಈ ಒಂದು ವ್ಯತ್ಯಾಸ ಮನಸ್ಸಿಗೆ ಇಳಿದರೆ ಗಿಟಾರ್ ಸ್ವಿಚ್ಚಿನ ರಿಪೇರಿಯ ಮುಕ್ಕಾಲು ಪಾಲು ತಾನಾಗಿಯೇ ಅರ್ಥವಾಗುತ್ತದೆ.

ರಾಮಥಾಳದ ಕಡೆ ನೀರು ಎತ್ತುವ ಯಂತ್ರಗಳ ಬಗ್ಗೆ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಮೇಲೆತ್ತಿ 24 ಸಾವಿರ ಹೆಕ್ಟೇರ್ ಹೊಲಗಳಿಗೆ ಹನಿ ನೀರು ಕೊಡಲು ಹೊರಟ ಯೋಜನೆಗೆ ಆ ಊರಿನದೇ ಹೆಸರು. ಅಷ್ಟು ದೊಡ್ಡ ಪಂಪು ಬೇಡ, ಒಂದು ಕೊಳವೆ ಬಾವಿಯ 5 ಎಚ್‌ಪಿ ಮೋಟಾರನ್ನೇ ತೆಗೆದುಕೊಳ್ಳಿ. ಮೂರು ಫೇಸಿನ 415 ವೋಲ್ಟಿನಲ್ಲಿ ಅದು ಸುಮಾರು 7 ಆಂಪಿಯರ್ ಕರೆಂಟು ಎಳೆಯುತ್ತದೆ, ಚಾಲೂ ಮಾಡುವ ಕ್ಷಣದಲ್ಲಿ ಅದರ ಆರೇಳು ಪಟ್ಟು. ಸ್ಟಾರ್ಟರಿನ ಕಾಂಟ್ಯಾಕ್ಟುಗಳು ಕೂಡುವಾಗ, ಬಿಡುವಾಗ ಕಿಡಿ ಹಾರುತ್ತದೆ. ಆ ಕಿಡಿ ಲೋಹದ ಮೇಲಿನ ಕೊಳೆಯನ್ನು ಸುಟ್ಟು ಹಾಕುತ್ತದೆ, ಜೊತೆಗೆ ಲೋಹವನ್ನೂ ಕರಗಿಸಿ ಗುಳಿ ಬೀಳಿಸುತ್ತದೆ. ಹಳೇ ಸ್ಟಾರ್ಟರುಗಳ ದಪ್ಪ ತಾಮ್ರದ ಕಾಂಟ್ಯಾಕ್ಟಿನಲ್ಲಿ ಗುಳಿಬಿದ್ದ ಮೇಲ್ಮೈಯನ್ನು ಅರದಿಂದ, ಎಮರಿಯಿಂದ ತಿಕ್ಕಿ ಸಮ ಮಾಡಿದರೆ ಮತ್ತೆ ವರ್ಷಗಟ್ಟಲೆ ನಡೆಯುತ್ತಿತ್ತು. ತಿಕ್ಕಲು ಅಲ್ಲಿ ಲೋಹ ಇತ್ತು.

ಗಿಟಾರಿನಲ್ಲಿ ಹರಿಯುವುದೆಷ್ಟು? ಪಿಕಪ್ ಎಂದರೆ ಆಯಸ್ಕಾಂತಕ್ಕೆ ಸುತ್ತಿದ ತಾಮ್ರದ ತಂತಿಯ ಸುರುಳಿ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಆಯಸ್ಕಾಂತ ಕ್ಷೇತ್ರ ಅಲುಗಾಡಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮವೇ ಇದು. ಅಣೆಕಟ್ಟಿನ ಜನರೇಟರೂ ಇದೇ ನಿಯಮದಿಂದ ವಿದ್ಯುತ್ತು ಹುಟ್ಟಿಸುತ್ತದೆ. ಆದರೆ ಪಿಕಪ್ಪಿನ ಸುರುಳಿ ಬಹಳ ಸಣ್ಣದು. ಕೂದಲೆಳೆಯಷ್ಟೇ ತೆಳುವಾದ, ಸುಮಾರು 0.06 ಮಿಲಿಮೀಟರ್ ದಪ್ಪದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಅಷ್ಟು ಸುತ್ತಿದ ಮೇಲೂ ಸಾಮಾನ್ಯ ಮೀಟಿಗೆ ಹುಟ್ಟುವುದು ಒಂದು ವೋಲ್ಟಿನ ಹತ್ತರಲ್ಲೊಂದೆರಡು ಪಾಲು. ಆ ವೋಲ್ಟೇಜು ಗಿಟಾರಿನ ವಾಲ್ಯೂಮ್ ಪಾಟ್ (ನಾದ ಏರಿಳಿಸುವ ತಿರುಗಣೆ) ಮತ್ತು ಆಂಪ್ಲಿಫೈಯರಿನ ಲಕ್ಷಗಟ್ಟಲೆ ಓಮ್‌ಗಳ ಮೇಲೆ ಬಿದ್ದಾಗ ಹರಿಯುವ ಕರೆಂಟು ಒಂದು ಆಂಪಿಯರಿನ ಹತ್ತು ಲಕ್ಷದಲ್ಲೊಂದು ಭಾಗದ ಆಸುಪಾಸು. ಹೊಲದ ಮೋಟಾರಿನ ಕರೆಂಟು ಇದರ ಎಪ್ಪತ್ತು ಲಕ್ಷ ಪಟ್ಟು ಆಗುತ್ತದೆ!

ಇಷ್ಟು ಬಡ ಕರೆಂಟಿಗೆ ಕಿಡಿ ಹಾರಿಸುವ ಮಾತು ದೂರ, ಧೂಳಿನ ತೆಳು ಪದರವನ್ನು ದಾಟುವ ಕಸುವೂ ಇಲ್ಲ. ಮನೆಯ ದೀಪದ ಸ್ವಿಚ್ಚಿನ ಒಳಗೆ ಲೋಹ ಕಪ್ಪಾದರೂ 230 ವೋಲ್ಟು ಆ ಪದರವನ್ನು ಸೀಳಿಕೊಂಡು ಹೋಗುತ್ತದೆ. ನಾವು ಅದನ್ನು ಗಮನಿಸುವುದೇ ಇಲ್ಲ. ಗಿಟಾರಿನಲ್ಲಿ ಅದೇ ಪದರ ಗೋಡೆಯಾಗಿ ನಿಲ್ಲುತ್ತದೆ. ಗಟ್ಟಿಯಾಗಿ ಮೀಟಿದರೆ ನಾದ ಬರುತ್ತದೆ, ಮೆಲ್ಲಗೆ ಮೀಟಿದರೆ ಅಡಗುತ್ತದೆ. ಸನ್ನೆಯನ್ನು ನಾಲ್ಕು ಸಲ ಆಚೀಚೆ ಆಡಿಸಿದರೆ ಮತ್ತೆ ಬರುತ್ತದೆ, ಏಕೆಂದರೆ ಲೋಹಕ್ಕೆ ಲೋಹ ಉಜ್ಜಿ ಪದರದಲ್ಲಿ ಒಂದು ಗೀರು ಬಿದ್ದಿರುತ್ತದೆ. ಹಳೆಯ ಕಾಲದ ಟೆಲಿಫೋನ್ ಎಕ್ಸ್‌ಚೇಂಜಿನ ಎಂಜಿನಿಯರುಗಳಿಗೆ ಈ ರೋಗ ಚೆನ್ನಾಗಿ ಗೊತ್ತಿತ್ತು. ಮಾತಿನ ಕರೆಂಟು ಕೂಡ ಬಡಕಲೇ. ಅದಕ್ಕಾಗಿ ಅವರು ಕಾಂಟ್ಯಾಕ್ಟುಗಳಿಗೆ ಚಿನ್ನ, ಪಲ್ಲೇಡಿಯಂ ಬಳಸಿದರು, ಇಲ್ಲವೇ ಮಾತಿನ ಜೊತೆ ಒಂದಿಷ್ಟು ನೇರ ಕರೆಂಟನ್ನು ಬೇಕೆಂದೇ ಹರಿಸಿ ಕಾಂಟ್ಯಾಕ್ಟುಗಳನ್ನು ಚುರುಕಾಗಿ ಇಟ್ಟರು. ಗಿಟಾರಿನಲ್ಲಿ ಅಂಥ ಉಪಾಯಕ್ಕೆ ಜಾಗವಿಲ್ಲ. ಅಲ್ಲಿರುವುದು ತಂತಿ ಹುಟ್ಟಿಸಿದಷ್ಟೇ ವಿದ್ಯುತ್ತು.

ಪದರ ಕಟ್ಟುವುದು ಏನು ಎಂಬುದನ್ನೂ ನೋಡಬೇಕು. ಒಳ್ಳೆಯ ಸ್ವಿಚ್ಚುಗಳ ಕಾಂಟ್ಯಾಕ್ಟಿಗೆ ಬೆಳ್ಳಿಯ ಲೇಪ ಇರುತ್ತದೆ. ಬೆಳ್ಳಿ ಒಳ್ಳೆಯ ವಾಹಕ, ಆದರೆ ಗಾಳಿಯಲ್ಲಿನ ಗಂಧಕದ ಅನಿಲ ತಾಗಿದರೆ ಕಪ್ಪಾಗುತ್ತದೆ. ಕಾಲಲ್ಲಿನ ಬೆಳ್ಳಿ ಚೈನು ಕಪ್ಪಾಗುವುದೂ ಇದರಿಂದಲೇ. ಕೊಳಚೆಯ ಗಾಳಿ, ಹೊಗೆ, ರಬ್ಬರಿನಿಂದ ಬರುವ ಆವಿ ಎಲ್ಲದರಲ್ಲೂ ಗಂಧಕ ಇದೆ. ಗಿಟಾರಿನ ಪೆಟ್ಟಿಗೆಯಲ್ಲಿ ರಬ್ಬರ್ ಬ್ಯಾಂಡು, ರಬ್ಬರ್ ಹಾಳೆ ಇಡಬಾರದು ಎನ್ನುವುದು ಇದಕ್ಕೇ. ಅದರ ಮೇಲೆ ನಮ್ಮ ಸೀಮೆಯ ಧೂಳು. ಹುನಗುಂದದ ಎರಿ ಮಣ್ಣು ಒಣಗಿದರೆ ಹಿಟ್ಟಿನಷ್ಟು ನುಣುಪು, ಎಂಥ ಸಂದಿಯಲ್ಲೂ ನುಗ್ಗುತ್ತದೆ. ಇಳಕಲ್ಲಿನ ಸುತ್ತಲಿನ ಗ್ರಾನೈಟ್ ಗಣಿಗಳ ಧೂಳು ಇನ್ನೂ ಕೆಟ್ಟದ್ದು. ಅದರಲ್ಲಿರುವ ಕ್ವಾರ್ಟ್ಜ್ ಹರಳು ಬೆಳ್ಳಿಗಿಂತ ಎಷ್ಟೋ ಪಟ್ಟು ಗಟ್ಟಿ. ಸನ್ನೆ ಸರಿದಾಗಲೆಲ್ಲ ಆ ಹರಳು ಲೇಪವನ್ನು ಕೆರೆಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೆಕೆಯಲ್ಲಿ ವಾದಕನ ಕೈಯ ಬೆವರು ಸನ್ನೆಯ ಸಂದಿಯಿಂದ ಒಳಗಿಳಿದು ಧೂಳನ್ನು ಅಂಟಾಗಿಸುತ್ತದೆ. ಬೆಂಗಳೂರಿನ ಹವಾನಿಯಂತ್ರಿತ ಸ್ಟುಡಿಯೊದಲ್ಲಿ ಹತ್ತು ವರ್ಷ ಬಾಳುವ ಸ್ವಿಚ್ಚು ಜಾತ್ರೆಯಿಂದ ಜಾತ್ರೆಗೆ ತಿರುಗುವ ತಂಡದಲ್ಲಿ ಅಷ್ಟು ಬಾಳುವುದಿಲ್ಲ. ಅದು ಸ್ವಿಚ್ಚಿನ ದೋಷವಲ್ಲ.

ಈಗ ಎಮರಿ ಕಾಗದದ ವಿಷಯಕ್ಕೆ ಬರೋಣ. ಬೆಳ್ಳಿಯ ಲೇಪದ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ. ಎಮರಿಯಿಂದ ಎರಡು ಸಲ ಎಳೆದರೆ ಕಪ್ಪು ಹೋಗುತ್ತದೆ, ಅದರ ಜೊತೆ ಬೆಳ್ಳಿಯೂ ಹೋಗುತ್ತದೆ. ಕೆಳಗಿನ ಹಿತ್ತಾಳೆ ಹೊಳೆಯುತ್ತದೆ. ನೋಡಿದವರಿಗೆ ಸ್ವಚ್ಛವಾಯಿತು ಅನ್ನಿಸುತ್ತದೆ. ಹಿತ್ತಾಳೆ ಬಲು ಬೇಗ ಮಾಸುತ್ತದೆ, ಎಮರಿಯ ಗೀರುಗಳಲ್ಲಿ ಧೂಳು ಕೂರಲು ಜಾಗವಾಗುತ್ತದೆ. ಆ ಸ್ವಿಚ್ಚು ಮತ್ತೆ ಮೊದಲಿನಂತಾಗುವುದಿಲ್ಲ.

ಸ್ವಿಚ್ಚುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಅವು ಹುಟ್ಟಿದ ಕತೆ ಗೊತ್ತಿದ್ದರೆ ಒಳಗಿನ ರಚನೆ ಅರ್ಥ ಮಾಡಿಕೊಳ್ಳುವುದು ಸುಲಭ. 1930ರ ದಶಕದ ಆರಂಭದಲ್ಲಿ ಜಾರ್ಜ್ ಬೋಷಾಂ ರೂಪಿಸಿದ, ರಿಕನ್‌ಬ್ಯಾಕರ್ ಹೆಸರಿನಲ್ಲಿ ಮಾರಾಟವಾದ ಮೊದಲ ಎಲೆಕ್ಟ್ರಿಕ್ ಗಿಟಾರಿಗೆ ಒಂದೇ ಪಿಕಪ್. ಆರಿಸುವ ಪ್ರಶ್ನೆಯೇ ಇರಲಿಲ್ಲ. ತೊಡೆಯ ಮೇಲೆ ಅಡ್ಡ ಇಟ್ಟು ಉಕ್ಕಿನ ಸರಳು ಜಾರಿಸಿ ನುಡಿಸುವ ಹವಾಯಿಯನ್ ಗಿಟಾರ್ ಅದು. ಲಿಯೋ ಫೆಂಡರ್ 1950ರಲ್ಲಿ ಕ್ಯಾಲಿಫೋರ್ನಿಯಾದಿಂದ ಹೊರತಂದ, ಮುಂದೆ ಟೆಲಿಕಾಸ್ಟರ್ ಎಂದು ಹೆಸರಾದ ಗಿಟಾರಿನಲ್ಲಿ ಎರಡು ಪಿಕಪ್ ಬಂದಾಗ ಆರಿಸುವ ಸನ್ನೆ ಬೇಕಾಯಿತು. ತಂತಿಗಳನ್ನು ಹೊತ್ತ ಬ್ರಿಜ್ಜಿನ ಬಳಿಯ ಪಿಕಪ್ ತೀಕ್ಷ್ಣ ನಾದ ಕೊಡುತ್ತದೆ, ಕತ್ತಿನ ಬಳಿಯದು ಗುಂಡಾದ ಮೃದು ನಾದ ಕೊಡುತ್ತದೆ. ಫೆಂಡರ್ ಗಿಟಾರುಗಳಿಗೆ ಸೆಂಟ್ರಲ್ಯಾಬ್ ಕಂಪನಿಯ ಲಿವರ್ ಸ್ವಿಚ್ಚು ಬಂದು ಕೂತಿತು. ಕಂದು ಬಣ್ಣದ ಗಟ್ಟಿ ಹಾಳೆಯ ಮೇಲೆ ಲೋಹದ ನಾಲಗೆಗಳು, ನಡುವೆ ಜಾರುವ ಒಂದು ಲೋಹದ ತುಂಡು, ಸನ್ನೆಯನ್ನು ಅದು ನಿಲ್ಲಬೇಕಾದ ಜಾಗದಲ್ಲಿ, ಅಂದರೆ ಅದರದರ ‘ಮನೆ’ಯಲ್ಲಿ, ಹಿಡಿದಿಡುವ ಸ್ಪ್ರಿಂಗು. ಇಷ್ಟೇ ಅದರ ಸಂಸಾರ.

1954ರಲ್ಲಿ ಸ್ಟ್ರಾಟೊಕಾಸ್ಟರ್ ಬಂದಾಗ ಪಿಕಪ್‌ಗಳು ಮೂರಾದವು, ಸ್ವಿಚ್ಚಿನ ಮನೆಗಳೂ ಮೂರೇ ಉಳಿದವು. ಒಂದು ಸಲಕ್ಕೆ ಒಂದೇ ಪಿಕಪ್ ನುಡಿಯಬೇಕು ಎನ್ನುವುದು ಕಂಪನಿಯ ಲೆಕ್ಕ. ಆದರೆ ವಾದಕರು ಸನ್ನೆಯನ್ನು ಎರಡು ಮನೆಗಳ ನಡುವೆ ತೂಗಿ ನಿಲ್ಲಿಸಿದರೆ ಎರಡು ಪಿಕಪ್‌ಗಳು ಒಟ್ಟಿಗೆ ಕೂಡಿ, ಮೂಗಿನಿಂದ ಹಾಡಿದಂಥ ಒಂದು ಹೊಸ ನಾದ ಬರುವುದನ್ನು ಕಂಡುಕೊಂಡರು. ಸನ್ನೆ ಜಾರಿದರೆ ನಾದ ಹೋಯಿತು, ಆದರೂ ಅವರು ಅದನ್ನು ಬಿಡಲಿಲ್ಲ. ಫೆಂಡರ್ ಕಂಪನಿ ಐದು ಮನೆಯ ಸ್ವಿಚ್ಚು ಕೂರಿಸಿದ್ದು 1977ರಲ್ಲಿ. ಇಪ್ಪತ್ತಮೂರು ವರ್ಷ ವಾದಕರು ತಮ್ಮ ಬೆರಳಿನಿಂದಲೇ ಆ ಎರಡು ಮನೆಗಳನ್ನು ಕಟ್ಟಿಕೊಂಡಿದ್ದರು. ವಾದ್ಯವನ್ನು ಒಳಗಿನಿಂದ ಬಲ್ಲವನು ಅದರ ತಯಾರಕನಿಗಿಂತ ಮುಂದೆ ಹೋಗಬಲ್ಲ ಎನ್ನುವುದಕ್ಕೆ ನನಗೆ ಇದಕ್ಕಿಂತ ಮೆಚ್ಚಿನ ಉದಾಹರಣೆ ಇಲ್ಲ.

ಎರಡನೆಯ ಜಾತಿ ಟಾಗಲ್ ಸ್ವಿಚ್ಚು. 1952ರ ಗಿಬ್ಸನ್ ಲೆಸ್ ಪಾಲ್ ಗಿಟಾರಿನಲ್ಲಿ ಜನಪ್ರಿಯವಾದದ್ದು. ಇದರಲ್ಲಿ ಎರಡು ಜೊತೆ ಉದ್ದನೆಯ ಲೋಹದ ಎಲೆಗಳಿರುತ್ತವೆ. ನಡುವೆ ನಿಂತಾಗ ಎರಡೂ ಜೊತೆ ಕೂಡಿರುತ್ತವೆ. ಸನ್ನೆಯನ್ನು ಒಂದು ಕಡೆ ನೂಕಿದರೆ ಒಂದು ಜೊತೆ ಅಗಲುತ್ತದೆ. ಎಲೆಯ ಬಿಗುವು ಸಡಿಲಾದರೆ ಕೂಡಬೇಕಾದ ಜೊತೆ ಕೂಡುವುದಿಲ್ಲ. ಇದರಲ್ಲಿ ಇನ್ನೊಂದು ತೊಂದರೆ ಮೇಲಿನ ತಿರುಪು ಸಡಿಲಾಗುವುದು. ವಾದಕ ಕೈಯಿಂದ ತಿರುವಿ ಬಿಗಿ ಮಾಡಲು ಹೋದರೆ ಇಡೀ ಸ್ವಿಚ್ಚೇ ಒಳಗೆ ತಿರುಗಿ ತಂತಿಗಳು ಹಗ್ಗದಂತೆ ಹೊಸೆದುಕೊಂಡು ಬೆಸುಗೆ ಕಿತ್ತುಬರುತ್ತವೆ. ಹಿಂದಿನಿಂದ ಸ್ವಿಚ್ಚನ್ನು ಹಿಡಿದುಕೊಂಡೇ ತಿರುಪು ಬಿಗಿಯಬೇಕು.

ಸ್ವಿಚ್ಚಿಗೆ ಕೈ ಹಾಕುವ ಮುಂಚೆ ತಪ್ಪು ಸ್ವಿಚ್ಚಿನದೇ ಹೌದೋ ಎಂದು ನೋಡಬೇಕು. ಸ್ವಿಚ್ಚಿನ ತಲೆಗೆ ಬರುವ ದೂರುಗಳಲ್ಲಿ ಬಹಳಷ್ಟು ಕೇಬಲ್ಲಿನವು, ಕೇಬಲ್ ಸಿಕ್ಕಿಸುವ ಜಾಕಿನವು. ನಡೆದಾಡಿದಾಗ, ಕೇಬಲ್ಲು ಅಲುಗಿದಾಗ ಕರಕರ ಬಂದರೆ ಅದು ಜಾಕು ಅಥವಾ ಕೇಬಲ್ಲು. ವಾಲ್ಯೂಮ್ ತಿರುವಿದಾಗ ಬಂದರೆ ಪಾಟ್. ಎರಡೂ ಸುಮ್ಮನಿದ್ದು ಸನ್ನೆ ಸರಿಸಿದಾಗ ಮಾತ್ರ ಬಂದರೆ, ಅಥವಾ ಒಂದೇ ಮನೆಯಲ್ಲಿ ನಾದ ಸತ್ತರೆ, ಆಗ ಸ್ವಿಚ್ಚು. ಮೊದಲು ಬೇರೆ ಕೇಬಲ್ಲು ಹಾಕಿ ನೋಡುವುದಕ್ಕೆ ಒಂದು ನಿಮಿಷವೂ ಬೇಡ. ಸ್ಕ್ರೂ ಬಿಚ್ಚುವ ಮುಂಚೆ ಆ ಒಂದು ನಿಮಿಷ ಕೊಡಿ.

ಮುಂದಿನ ಪರೀಕ್ಷೆ ಮಲ್ಟಿಮೀಟರಿನದು. ಇದಕ್ಕೆ ಗಿಟಾರ್ ಬಿಚ್ಚಲೂ ಬೇಕಿಲ್ಲ. ಗಿಟಾರಿಗೆ ಕೇಬಲ್ ಸಿಕ್ಕಿಸಿ, ಅದರ ಇನ್ನೊಂದು ತುದಿಯ ಪ್ಲಗ್ಗಿನ ಮೂತಿಗೂ ಮೈಗೂ ಮೀಟರಿನ ಕಡ್ಡಿಗಳನ್ನು ಹಿಡಿಯಬೇಕು. ವಾಲ್ಯೂಮ್ ಪೂರ್ತಿ ತೆರೆದಿರಬೇಕು. ಒಂಟಿ ಸುರುಳಿಯ ಪಿಕಪ್ ಆದರೆ ಸುಮಾರು 6ರಿಂದ 8 ಸಾವಿರ ಓಮ್ ತೋರಿಸುತ್ತದೆ. ಎರಡು ಪಿಕಪ್ ಜೊತೆಗೂಡುವ ಮನೆಗೆ ಸರಿಸಿದರೆ ಅದರ ಅರ್ಧದಷ್ಟಾಗುತ್ತದೆ. ಹಾಗಾಗಿ ಐದು ಮನೆಯ ಸ್ವಿಚ್ಚಿನಲ್ಲಿ ಒಂದೊಂದಾಗಿ ಸರಿಸುತ್ತ ಹೋದರೆ ಅಂಕಿ ಆರು, ಮೂರು, ಆರು, ಮೂರು, ಆರು ಎಂದು ಏರಿಳಿಯಬೇಕು. ಸೊನ್ನೆ ಬಂದರೆ ಎಲ್ಲೋ ತಂತಿ ತಂತಿಗೆ ತಾಗಿ ಶಾರ್ಟ್ ಆಗಿದೆ. ಮನೆ ಸತ್ತಿದ್ದರೆ ಅಂಕಿ ಒಮ್ಮೆಲೇ 2 ಲಕ್ಷ 50 ಸಾವಿರ ಅಥವಾ 5 ಲಕ್ಷ ಓಮ್ ಆಸುಪಾಸಿಗೆ ಜಿಗಿಯುತ್ತದೆ. ಇದನ್ನು ನೋಡಿ ಪಿಕಪ್ ಸುಟ್ಟಿದೆ ಎಂದು ಗಾಬರಿಯಾಗುವವರಿದ್ದಾರೆ. ಆ ಅಂಕಿ ವಾಲ್ಯೂಮ್ ಪಾಟಿನದು. ಪಿಕಪ್ಪಿನ ದಾರಿ ಸ್ವಿಚ್ಚಿನಲ್ಲಿ ಕಡಿದುಹೋದ್ದರಿಂದ ಮೀಟರಿಗೆ ಪಾಟ್ ಒಂದೇ ಕಾಣುತ್ತಿರುತ್ತದೆ. ಆಗ ಗಿಟಾರ್ ಬಿಚ್ಚಿ, ಆ ಪಿಕಪ್ಪಿನ ತಂತಿ ಸ್ವಿಚ್ಚಿಗೆ ಬಂದು ಸೇರುವ ಕೊಂಡಿಯಲ್ಲೇ ಅಳೆಯಬೇಕು. ಅಲ್ಲಿ 6 ಸಾವಿರ ಬಂದರೆ ಪಿಕಪ್ ಗಟ್ಟಿಯಾಗಿದೆ, ಸ್ವಿಚ್ಚೇ ತಪ್ಪಿತಸ್ಥ.

ಮೀಟರನ್ನೂ ಪೂರ್ತಿ ನಂಬುವಂತಿಲ್ಲ. ಓಮ್ ಅಳೆಯುವಾಗ ಮೀಟರು ತನ್ನ ಬ್ಯಾಟರಿಯಿಂದ ಒಂದಿಷ್ಟು ವೋಲ್ಟೇಜು ಹಾಕುತ್ತದೆ, ಅದು ಗಿಟಾರಿನ ಸಂಕೇತಕ್ಕಿಂತ ಹೆಚ್ಚಿನದು. ಗಿಟಾರಿನ ನಾದ ದಾಟಲಾರದ ಪದರವನ್ನು ಮೀಟರು ದಾಟಿಬಿಡಬಹುದು, ಅಂಕಿ ಸರಿಯಾಗಿಯೇ ಬರಬಹುದು. ಅಂಥಲ್ಲಿ ಕಿವಿಯೇ ಕೊನೆಯ ಸಾಕ್ಷಿ. ಆಂಪ್ಲಿಫೈಯರಿನ ಶಬ್ದ ತಗ್ಗಿಸಿ, ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಪ್ರತಿ ಪಿಕಪ್ಪನ್ನು ಮೆಲ್ಲಗೆ ತಟ್ಟಿ. ಆರಿಸಿಕೊಂಡ ಪಿಕಪ್ ‘ಟಕ್’ ಎನ್ನುತ್ತದೆ, ಉಳಿದವು ಮೌನವಾಗಿರುತ್ತವೆ. ಸನ್ನೆಯನ್ನು ಸರಿಸುತ್ತ ಹೀಗೆ ತಟ್ಟಿದರೆ ಯಾವ ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಕಾಯಿಲೆ ಗೊತ್ತಾದ ಮೇಲೆ ಮದ್ದು ಕಷ್ಟದ್ದಲ್ಲ. ಆಂಪ್ಲಿಫೈಯರಿನಿಂದ ಬಿಡಿಸಿದ ಗಿಟಾರಿನಲ್ಲಿ ಶಾಕ್ ಹೊಡೆಯುವಂಥದ್ದು ಏನೂ ಇಲ್ಲ. ಹೆಚ್ಚೆಂದರೆ ಕೆಲವದರಲ್ಲಿ 9 ವೋಲ್ಟಿನ ಒಂದು ಬ್ಯಾಟರಿ. ಈ ಧೈರ್ಯ ವಾದಕರಿಗೆ ಬರಬೇಕು. ನಾಟಕ ಕಂಪನಿಯ ಪೇಟಿ ಮಾಸ್ತರು ಆಟದ ನಡುವೆ ಒಂದು ಸ್ವರ ಕಟ್ಟಿಕೊಂಡರೆ ಯಾರನ್ನೂ ಕಾಯುವುದಿಲ್ಲ. ಪೇಟಿಯ ಮುಚ್ಚಳ ತೆಗೆದು, ಹಿತ್ತಾಳೆಯ ರೀಡಿನ ನಾಲಗೆಯ ಕೆಳಗೆ ತೆಳ್ಳನೆಯ ಕಾಗದ ತೂರಿಸಿ ಎಳೆದರೆ ಸಿಕ್ಕಿದ ಕಸ ಹೊರಬರುತ್ತದೆ, ಸ್ವರ ಬಿಡುತ್ತದೆ. ಟಾಗಲ್ ಸ್ವಿಚ್ಚಿಗೂ ಬೇಕಾದದ್ದು ಅದೇ ಕಾಗದ, ಅದೇ ಹಗುರ ಕೈ. ಬಿಳಿ ಕಾಗದದ ಒಂದು ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಎರಡು ಎಲೆಗಳ ನಡುವೆ ಇಟ್ಟು, ಎಲೆಗಳು ಕೂಡುವಂತೆ ಸನ್ನೆ ಸರಿಸಿ, ಕಾಗದವನ್ನು ಮೆಲ್ಲಗೆ ಎಳೆಯಬೇಕು. ಕಾಗದದ ಮೇಲೆ ಕಪ್ಪು ಗೆರೆ ಬೀಳುತ್ತದೆ. ಹೊಸ ಪಟ್ಟಿ ಹಾಕಿ ಮತ್ತೆ ಎಳೆಯಬೇಕು, ಗೆರೆ ಮಾಸುವವರೆಗೆ. ಬೆಳ್ಳಿಯ ಲೇಪ ಹಾಗೇ ಉಳಿಯುತ್ತದೆ.

ಲಿವರ್ ಸ್ವಿಚ್ಚಿನಲ್ಲಿ ಕಾಗದ ತೂರುವ ಜಾಗ ಕಡಿಮೆ. ಸ್ಟ್ರಾಟೊಕಾಸ್ಟರ್ ಮಾದರಿಯಾದರೆ ತಂತಿ ಸಡಿಲಿಸಿ, ಮೇಲಿನ ಪ್ಲಾಸ್ಟಿಕ್ ಹಲಗೆಯ ಸ್ಕ್ರೂ ತೆಗೆದು ಮಗುಚಿದರೆ ಸ್ವಿಚ್ಚು ಕಾಣುತ್ತದೆ. ಎಲೆಕ್ಟ್ರಾನಿಕ್ಸ್ ಕಾಂಟ್ಯಾಕ್ಟ್ ಕ್ಲೀನರನ್ನು ಅದರ ಸಣ್ಣ ಕೊಳವೆಯಿಂದ ನಾಲಗೆಗಳ ಮೇಲೆ ಒಂದೇ ಒಂದು ಚಿಮುಕು ಬಿಟ್ಟು, ಸನ್ನೆಯನ್ನು ಇಪ್ಪತ್ತು ಮೂವತ್ತು ಸಲ ಈ ತುದಿಯಿಂದ ಆ ತುದಿಗೆ ಆಡಿಸಬೇಕು. ಲೋಹ ಲೋಹವನ್ನು ಉಜ್ಜುವುದೇ ಇಲ್ಲಿ ಅಸಲಿ ಕೆಲಸ. ದ್ರವ ಕೊಳೆಯನ್ನು ಸಡಿಲಿಸಿ ಕೊಡುತ್ತದೆ ಅಷ್ಟೇ. ಆಮೇಲೆ ಪೂರ್ತಿ ಆರಲು ಬಿಡಬೇಕು. ಮೆಡಿಕಲ್ ಅಂಗಡಿಯ 70 ಪ್ರತಿಶತದ ಸ್ಪಿರಿಟ್ಟಿನಲ್ಲಿ ಉಳಿದ ಪಾಲು ನೀರು, ಅದು ಆರುವುದು ನಿಧಾನ. ಕೊರೋನಾ ಕಾಲದ ಸ್ಯಾನಿಟೈಸರಿನಲ್ಲಿ ಗ್ಲಿಸರಿನ್ ಇರುವುದರಿಂದ ಅಂಟು ಉಳಿಯುತ್ತದೆ. ಸೀಮೆಎಣ್ಣೆ, ಪೆಟ್ರೋಲು, ಜಂಗು ಬಿಡಿಸುವ ಎಣ್ಣೆ ಇವುಗಳನ್ನು ಹಚ್ಚುವ ಅಭ್ಯಾಸ ನಮ್ಮಲ್ಲಿ ಇದೆ. ಪೆಟ್ರೋಲು ಪ್ಲಾಸ್ಟಿಕ್ಕನ್ನು, ಗಿಟಾರಿನ ಬಣ್ಣವನ್ನು ತಿನ್ನುತ್ತದೆ; ಎಣ್ಣೆಯ ಪಸೆ ಜಾತ್ರೆಯ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ.

ಈ ಆಲ್ಕೊಹಾಲು, ಈ ಕ್ಲೀನರು, ಸೂಜಿ ಮೂತಿಯ ಸೋಲ್ಡರಿಂಗ್ ಐರನ್, ಭೂತಗನ್ನಡಿ ಎಲ್ಲ ಎಲ್ಲಿ ಸಿಗಬೇಕು? ಬಾಗಲಕೋಟೆಯ ನವನಗರದಿಂದ ಇಳಕಲ್ಲಿನವರೆಗೆ ಪ್ರತಿ ಬಸ್‌ಸ್ಟ್ಯಾಂಡಿನ ಎದುರಿಗೆ ಇವೆ: ಮೊಬೈಲ್ ರಿಪೇರಿ ಅಂಗಡಿಗಳು. ಫೋನಿನ ಚಾರ್ಜಿಂಗ್ ಜಾಗವನ್ನು ಬ್ರಶ್ಶಿನಿಂದ, ಆಲ್ಕೊಹಾಲಿನಿಂದ ತೊಳೆದು, ಕಣ್ಣಿಗೆ ಕಾಣದಂಥ ತಂತಿ ಬೆಸೆಯುವ ಹುಡುಗರಿಗೆ ಸೂಕ್ಷ್ಮ ಕರೆಂಟಿನ ಗುಣ ಗೊತ್ತು. ಗಿಟಾರಿನ ಸ್ವಿಚ್ಚು ಹೋಗಬೇಕಾದದ್ದು ಅವರ ಮೇಜಿಗೆ. ಅವರಿಗೆ ಗಿಟಾರ್ ಗೊತ್ತಿಲ್ಲದಿರಬಹುದು, ಅದನ್ನು ವಾದಕ ಪಕ್ಕದಲ್ಲಿ ಕೂತು ಹೇಳಬಹುದು. ಸಂಗೀತ ಬಲ್ಲವರೂ ಎಲೆಕ್ಟ್ರಾನಿಕ್ಸ್ ಬಲ್ಲವರೂ ಒಂದಾದರೆ ಏನಾಗುತ್ತದೆ ಎನ್ನುವುದಕ್ಕೆ ಕರ್ನಾಟಕದಲ್ಲೇ ದೊಡ್ಡ ಮಾದರಿ ಇದೆ. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಬೆಂಗಳೂರಿನಲ್ಲಿ 1979ರಲ್ಲಿ ಕಟ್ಟಿದ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿ, ಶ್ರುತಿಪೆಟ್ಟಿಗೆಗಳು ಇವತ್ತು ಎಷ್ಟೋ ಕಛೇರಿಗಳಲ್ಲಿ ಕೇಳುತ್ತವೆ. ಒಂದೇ ತಲೆಯಲ್ಲಿ ಎರಡೂ ವಿದ್ಯೆ ಇರಬೇಕಿಲ್ಲ. ಒಂದೇ ಮೇಜಿನ ಎರಡು ಕಡೆ ಇದ್ದರೂ ಸಾಕು.

ಶುಚಿ ಮಾಡಿದರೂ ಉಳಿಯದ ಸ್ವಿಚ್ಚುಗಳಿವೆ. ಜಾರುವ ತುಂಡು ಬಿರುಕು ಬಿಟ್ಟಿದ್ದರೆ, ಲೇಪ ಸವೆದು ಹಿತ್ತಾಳೆ ಕಂಡಿದ್ದರೆ, ಸನ್ನೆ ಮನೆಯಲ್ಲಿ ನಿಲ್ಲದೆ ಜೋತಾಡುತ್ತಿದ್ದರೆ ಬದಲಿಸಲೇಬೇಕು. ಹೊಸದನ್ನು ತರಿಸುವಾಗ ಹಳೆಯದರ ಅಳತೆ ಮತ್ತು ಕೊಂಡಿಗಳ ಕ್ರಮ ನೋಡಬೇಕು. ತೆರೆದ ಮೈಯ ಸ್ವಿಚ್ಚುಗಳಲ್ಲೂ ಅಗ್ಗದ ಗಿಟಾರುಗಳಲ್ಲಿ ಬರುವ ಮುಚ್ಚಿದ ಡಬ್ಬಿಯಂಥವುಗಳಲ್ಲೂ ಕೊಂಡಿಗಳ ಸಾಲು ಬೇರೆ ಬೇರೆ. ಒಂದರ ನಕ್ಷೆ ನೋಡಿ ಇನ್ನೊಂದನ್ನು ಬೆಸೆದರೆ ಅದಲುಬದಲಾಗುತ್ತದೆ. ಹಳೆಯ ಬೆಸುಗೆ ಬಿಡಿಸುವ ಮುಂಚೆ ಫೋನಿನಲ್ಲಿ ಎರಡು ಮೂರು ಕೋನದಿಂದ ಫೋಟೊ ತೆಗೆದಿಟ್ಟುಕೊಳ್ಳಬೇಕು. ಬೆಸುಗೆಗೆ ರಾಳದ ಪೇಸ್ಟನ್ನೇ ಬಳಸಬೇಕು. ತಗಡು ಬೆಸೆಯುವ ಆಮ್ಲದ ದ್ರಾವಣ ಹಾಕಿದರೆ ಅದು ಕ್ರಮೇಣ ತಂತಿಯನ್ನೇ ತಿಂದುಹಾಕುತ್ತದೆ. ಕೊಂಡಿಯನ್ನು ಕಾಯಿಸಿ ಅದರ ಮೇಲೆ ಸೀಸ ತಾನೇ ಹರಿಯಬೇಕು. ಎರಡು ಮೂರು ಸೆಕೆಂಡಿನ ಕೆಲಸ ಅದು. ಹೆಚ್ಚು ಹೊತ್ತು ಕಾಯಿಸಿದರೆ ಪ್ಲಾಸ್ಟಿಕ್ಕಿನ ಮೈ ಕರಗಿ ಹೊಸ ಸ್ವಿಚ್ಚು ಅಲ್ಲೇ ಸಾಯುತ್ತದೆ. ಎರಡು ಪಿಕಪ್ ಕೂಡುವ ಮನೆಯಲ್ಲಿ ನಾದ ಬಡಕಲಾಗಿ, ತಗಡು ಬಡಿದಂತೆ ಕೇಳಿಸಿದರೆ ಒಂದು ಪಿಕಪ್ಪಿನ ಎರಡು ತಂತಿಗಳು ಹಿಂದುಮುಂದಾಗಿವೆ ಎಂದು ತಿಳಿಯಬೇಕು.

ಇಲ್ಲಿ ಒಂದು ತಂತಿಯ ಬಗ್ಗೆ ಒತ್ತಿ ಹೇಳಬೇಕಿದೆ. ವಾಲ್ಯೂಮ್ ಪಾಟಿನ ಬೆನ್ನಿನಿಂದ ಹೊರಟು ಗಿಟಾರಿನ ಬ್ರಿಜ್ಜಿಗೆ, ಆ ಮೂಲಕ ಉಕ್ಕಿನ ತಂತಿಗಳಿಗೆ ಹೋಗುವ ಅರ್ಥಿಂಗ್ ತಂತಿ ಅದು. ಸ್ವಿಚ್ಚಿನ ರಿಪೇರಿಯಲ್ಲಿ ಅದು ಕಿತ್ತುಬಂದರೆ ಗಿಟಾರ್ ‘ಗುಂಯ್’ ಎನ್ನಲು ಶುರುವಾಗುತ್ತದೆ. ಕೈ ತಂತಿಗೆ ತಾಗಿದರೂ ಗುಂಯ್‌ಗುಡುವುದು ನಿಲ್ಲುವುದಿಲ್ಲ. ಅದನ್ನು ಮತ್ತೆ ಬೆಸೆಯಬೇಕು. ಬೆಸೆದ ಮೇಲೆ ವಾದಕನ ಮೈ ತಂತಿಗಳ ಮೂಲಕ ಆಂಪ್ಲಿಫೈಯರಿನ ಅರ್ಥಿಂಗಿಗೆ ಕೂಡುತ್ತದೆ. ಆಂಪ್ಲಿಫೈಯರು ಸರಿಯಾದ ಮೂರು ಪಿನ್ನಿನ ಪ್ಲಗ್ಗಿನಲ್ಲಿದ್ದು ಅರ್ಥ್ ಗಟ್ಟಿಯಾಗಿದ್ದರೆ ಅದು ಕ್ಷೇಮ. ಜಾತ್ರೆಯ ಪೆಂಡಾಲಿನಲ್ಲಿ ಮೂರನೆಯ ಪಿನ್ನನ್ನು ಮುರಿದು, ಬರಿಯ ತಂತಿಯನ್ನು ಸಾಕೆಟ್ಟಿಗೆ ಕಡ್ಡಿಯಿಂದ ಸಿಕ್ಕಿಸುವುದುಂಟು. ಗಿಟಾರಿನ ಆಂಪ್ಲಿಫೈಯರು ಒಂದು ಕಡೆಯಿಂದ, ಮೈಕಿನ ಮಿಕ್ಸರು ಜನರೇಟರಿನ ಇನ್ನೊಂದು ತಂತಿಯಿಂದ ಕರೆಂಟು ಪಡೆಯುವುದೂ ಉಂಟು. ಎರಡರ ಅರ್ಥ್ ಒಂದಾಗದಿದ್ದರೆ, ಒಂದರಲ್ಲಿ ಸೋರಿಕೆ ಇದ್ದರೆ, ಕೈ ಗಿಟಾರಿನ ತಂತಿಯ ಮೇಲಿಟ್ಟುಕೊಂಡೇ ತುಟಿ ಮೈಕಿಗೆ ತಾಗಿಸಿದ ಗಾಯಕನ ಮೈಯೊಳಗೆ ಕರೆಂಟು ಹರಿಯುತ್ತದೆ. 1972ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್ಸೀ ಊರಿನ ವೇದಿಕೆಯ ಮೇಲೆ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿ ಪ್ರೇಕ್ಷಕರ ಎದುರೇ ಪ್ರಾಣ ಬಿಟ್ಟರು.

ಹಾಗಾಗಿ ಸ್ವಿಚ್ಚು ಸರಿಯಾಗಿ, ಐದೂ ಮನೆಯಲ್ಲಿ ಅಂಕಿ ಸರಿಬಂದು, ಹಲಗೆಯ ಸ್ಕ್ರೂ ಬಿಗಿದು ವೇದಿಕೆ ಏರಿದ ಮೇಲೂ ಮೀಟರನ್ನು ಒಳಗೆ ಇಡಬೇಡಿ. ಎಲ್ಲವನ್ನೂ ಚಾಲೂ ಮಾಡಿ, ಮೀಟರನ್ನು ಎ.ಸಿ. ವೋಲ್ಟಿನ ದೊಡ್ಡ ಅಳತೆಗೆ ತಿರುವಿ, ಕಡ್ಡಿಗಳ ಪ್ಲಾಸ್ಟಿಕ್ ಹಿಡಿಯಲ್ಲೇ ಬೆರಳಿಟ್ಟು, ಒಂದನ್ನು ಗಿಟಾರಿನ ತಂತಿಗೆ, ಇನ್ನೊಂದನ್ನು ಮೈಕಿನ ಲೋಹದ ಜಾಲರಿಗೆ ತಾಗಿಸಿ. ಸೊನ್ನೆಯ ಹತ್ತಿರವಿದ್ದರೆ ಹಾಡಿ. ಹತ್ತಾರು ವೋಲ್ಟು ಕಂಡರೆ ಸೌಂಡಿನವರನ್ನು ಕರೆದು ಎರಡೂ ಯಂತ್ರಗಳನ್ನು ಗಟ್ಟಿ ಅರ್ಥಿಂಗ್ ಇರುವ ಒಂದೇ ಬೋರ್ಡಿನಿಂದ ತೆಗೆದುಕೊಳ್ಳುವಂತೆ ಹೇಳಿ, ಮತ್ತೆ ಅಳೆದು ನೋಡಿ. ಆವರೆಗೆ ಆಟ ತಡವಾದರೆ ಆಗಲಿ.